ಚೀಟಿ ಸುಲಿದ ಬಾಟಲಿ

ಬಾಟಲಿಯ ಮೈಯಿಂದ ಚೀಟಿ ಬಿಡಿಸುವಾಗ ಅವನ ನಾಲಿಗೆ ತಾನಾಗಿ ಹೊರಬಂದು ತುಟಿಯ ಮೂಲೆಯಲ್ಲಿ ಕೂರುತ್ತಿತ್ತು. ಚಿಕ್ಕಂದಿನಲ್ಲಿ ಅಕ್ಷರ ತಿದ್ದುವಾಗಲೂ ಹೀಗೇ ಕೂರುತ್ತಿತ್ತೆಂದು ಅಮ್ಮ ಹೇಳಿ ನಗುತ್ತಿದ್ದಳು. ಬರೆಯುವಾಗ ಬರುತ್ತಿದ್ದ ನಾಲಿಗೆ ಅಳಿಸುವಾಗಲೂ ಯಾಕೆ ಬರಬೇಕು ಎಂಬುದು ಈ ಬೆಳಿಗ್ಗೆ ಅವನಿಗೆ ಇದ್ದಕ್ಕಿದ್ದಂತೆ ದೊಡ್ಡ ಪ್ರಶ್ನೆಯಾಗಿ ಕಂಡಿತು. ಕಿಟಕಿ ತೆರೆಯಲು ಇನ್ನೂ ಮುಕ್ಕಾಲು ಗಂಟೆಯಿತ್ತು. ಕೈ ತೊಳೆಯುವ ತೊಟ್ಟಿಯಲ್ಲಿ ಸೋಪಿನ ನೀರು ತುಂಬಿಸಿ, ಕಂದುಬಣ್ಣದ ಒಂಬತ್ತು ಪುಟ್ಟ ಗಾಜಿನ ಬಾಟಲಿಗಳನ್ನು ಕುತ್ತಿಗೆವರೆಗೆ ಮುಳುಗಿಸಿ ನಿಲ್ಲಿಸಿದ್ದ. ಬಿಸಿನೀರಾದರೆ ಅಂಟು ಬೇಗ ಬಿಡುತ್ತದೆ, ಆದರೆ ಒಳಗಿನ ಔಷಧಿ ಕೆಟ್ಟೀತು. ತಣ್ಣೀರಿಗೆ ಒಂದು ಗಂಟೆ ಬೇಕು. ಆದ್ದರಿಂದ ಅವನು ಆಸ್ಪತ್ರೆಗೆ ಎಲ್ಲರಿಗಿಂತ ಮೊದಲು ಬರುತ್ತಿದ್ದ, ಕಸ ಗುಡಿಸುವವಳು ‘ಏನು ಡಾಕ್ಟ್ರೇ, ಮನೇಲಿ ಜಗಳಾನಾ?’ ಎಂದು ಕೇಳುವಷ್ಟು ಮೊದಲು. ಅವನು ಡಾಕ್ಟರಲ್ಲ. ಏಳನೇ ಕಿಟಕಿಯ ಹಿಂದೆ ಕೂತು ಔಷಧಿ ಕೊಡುವವನು. ಬ್ಲೇಡಿನ ತುದಿಯಿಂದ ಚೀಟಿಯ ಅಂಚನ್ನು ಎಬ್ಬಿಸಿ, ಉಳಿದ ಅಂಟನ್ನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿ, ಔಷಧಿಯ ಅವಧಿ ಮುಗಿಯುವ ತಾರೀಕನ್ನು ಬಿಳಿ ಪೆನ್ನಿನಲ್ಲಿ ಬಾಟಲಿಯ ತಳಕ್ಕೆ ಬರೆದು ಸಾಲಾಗಿ ಒಣಗಲು ಇಡುತ್ತಿದ್ದ. ಆ ಸಾಲಿನ ಕೊನೆಯಲ್ಲಿ ಮೊನ್ನೆಯೇ ಸುಲಿದಿಟ್ಟ ಬಾಟಲಿಯೊಂದು ಇನ್ನೂ ಹಾಗೇ ಇತ್ತು. ನೀಲಿ ಬೆರಳಿನವಳದು. ಮೊನ್ನೆ ಅವಳು ಬರಬೇಕಿತ್ತು, ಬರಲಿಲ್ಲ. ನಿನ್ನೆಯೂ ಬರಲಿಲ್ಲ.

ಚೀಟಿಗಳು ನೀರಿನ ಮೇಲೆ ಸುರುಳಿ ಸುತ್ತಿಕೊಂಡು ತೇಲುತ್ತಿದ್ದವು, ಅಕ್ಷರ ಮಾತ್ರ ಒಂದೂ ಮಾಸಿರಲಿಲ್ಲ. ‘ಎಚ್‌ಐವಿ ಇರುವ ತಾಯಿಯ ಮಗುವಿಗೆ ಮಾತ್ರ. ಉಚಿತ. ಮಾರಾಟಕ್ಕಲ್ಲ.’ ಕೆಂಪು ಅಕ್ಷರ, ಅವನ ಕಿರುಬೆರಳಿನ ಉಗುರಿನಷ್ಟು ದಪ್ಪ. ದುಡ್ಡು ಕೊಟ್ಟು ಕೊಳ್ಳುವವಳ ಬಾಟಲಿಯ ಮೇಲೆ ಔಷಧಿಯ ಹೆಸರಿರುತ್ತದೆ. ಕೊಳ್ಳಲಾಗದವಳ ಬಾಟಲಿಯ ಮೇಲೆ ಅವಳ ಗುಟ್ಟನ್ನೇ ಅಚ್ಚು ಹಾಕಿ ಕಳಿಸುತ್ತಾರೆ. ಇದನ್ನು ತೀರ್ಮಾನಿಸಿದವರ ಕೋಣೆಗೆ ಬಾಗಿಲಿದ್ದಿರಬೇಕು, ಬಾಗಿಲಿಗೆ ಚಿಲಕವಿದ್ದಿರಬೇಕು, ಅವರ ಮನೆಯಲ್ಲಿ ಎಂಟು ಜನ ಒಂದೇ ಗೂಡಿನಲ್ಲಿ ಬಾಚಣಿಗೆ, ಎಣ್ಣೆ, ಔಷಧಿ ಎಲ್ಲ ಇಡುವುದಿಲ್ಲವೆಂದು ಕಾಣುತ್ತದೆ. ಹುಟ್ಟಿದ ದಿನದಿಂದ ಆರು ವಾರ, ದಿನಕ್ಕೊಂದು ಸಲ ಒಂದೂವರೆ ಮಿಲಿ. ತಾಯಿ ತನ್ನ ಮಾತ್ರೆಯನ್ನು ತಪ್ಪಿಸದೆ ನುಂಗಿ ಮಗುವಿಗೆ ಇದನ್ನು ತಪ್ಪಿಸದೆ ಕುಡಿಸಿದರೆ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಮಕ್ಕಳಿಗೆ ಅದು ದಾಟುವುದೇ ಇಲ್ಲ. ಇಷ್ಟೇ. ಇಷ್ಟು ಸುಲಭವಾದದ್ದನ್ನು ಇಷ್ಟು ಕಷ್ಟ ಮಾಡಲು ಎಷ್ಟು ಜನ ಎಷ್ಟು ಸಭೆ ನಡೆಸಿರಬೇಕೆಂದು ಅವನು ಬ್ಲೇಡು ಒರೆಸಿಕೊಳ್ಳುತ್ತ ಯೋಚಿಸುತ್ತಿದ್ದ. ಒಮ್ಮೆ ಮೇಲಿನ ಕಚೇರಿಗೆ ಪತ್ರ ಬರೆದಿದ್ದ: ದಯವಿಟ್ಟು ಕೆಂಪು ಸಾಲು ತೆಗೆಯಿರಿ. ಎರಡು ತಿಂಗಳಿಗೆ ಉತ್ತರ ಬಂತು: ಚೀಟಿ ನಿಯಮಾನುಸಾರವಿದೆ, ತಾವು ಈ ವಿಷಯದಲ್ಲಿ ಆಸಕ್ತಿ ವಹಿಸಲು ಕಾರಣವೇನು, ಮೂರು ದಿನದೊಳಗೆ ತಿಳಿಸಿ. ಕಾರಣ ಬರೆಯಲು ಅವನು ಮೂರು ದಿನವೂ ಕೂತ. ಕೊನೆಗೆ ‘ತಪ್ಪು ತಿಳುವಳಿಕೆಯಿಂದ ಬರೆದೆ, ಕ್ಷಮಿಸಬೇಕು’ ಎಂದು ಬರೆದು ಕಳಿಸಿದ. ಆ ಸಾಲಿನ ಅಕ್ಷರ ದುಂಡಗೆ ಬಂದಿತ್ತು. ನಾಲಿಗೆ ಆಗಲೂ ಹೊರಗಿದ್ದಿರಬೇಕು.

ಕಿಟಕಿಗೆ ಹಸಿರು ಬಣ್ಣ ಬಳಿದ ಗಾಜು. ಬಂದವರ ಮುಖ ಕಾಣಬಾರದೆಂದು ಬಳಿದದ್ದು, ಅವರ ಮರ್ಯಾದೆಗಂತೆ. ಆದರೆ ಬೇರೆ ಆರು ಕಿಟಕಿಗಳಿಗೆ ಬಣ್ಣವಿಲ್ಲ, ಆದ್ದರಿಂದ ಹಸಿರು ಕಿಟಕಿ ಎಂದರೆ ಏನೆಂದು ಊರಿಗೆಲ್ಲ ಗೊತ್ತು. ಗಾಜಿನ ಕೆಳಗೆ ಅರ್ಧಚಂದ್ರದ ಕಿಂಡಿ, ಅದರಲ್ಲಿ ಕೈಗಳು ಬರುತ್ತವೆ. ಹತ್ತು ವರ್ಷದಲ್ಲಿ ಅವನು ನೋಡಿದ್ದು ಕೈಗಳನ್ನೇ. ಬೀದಿಯಲ್ಲಿ ಹೋಗುವಾಗ ಹೆಂಗಸರ ಮುಖ ಬಿಟ್ಟು ಕೈ ನೋಡುವ ಚಟ ಬಿದ್ದು, ಒಮ್ಮೆ ಬಸ್ಸಿನಲ್ಲಿ ಒಬ್ಬಳು ‘ಏನ್ರೀ, ಬಳೆ ಅಂಗಡಿ ಇಡ್ಬೇಕು ಅಂತಿದೀರಾ?’ ಎಂದು ಎಲ್ಲರೆದುರು ಗದರಿಸಿದ್ದಳು. ಮೊದಲು ಚೀಟಿ ಕಿತ್ತದ್ದೂ ಒಂದು ಕೈ. ನಾಲ್ಕು ವರ್ಷದ ಹಿಂದೆ, ಬಾಟಲಿ ತಗೊಂಡ ಕೈ ಹೊರಗೆ ಹೋಗದೆ ಕಿಂಡಿಯಲ್ಲೇ ನಿಂತು ಉಗುರಿನಿಂದ ಪರಪರ ಕೆರೆಯತೊಡಗಿತು, ಉಗುರು ಮುರಿದು ರಕ್ತ ಬಂದರೂ ಬಿಡಲಿಲ್ಲ. ‘ಇಲ್ಲಿ ಕೊಡಮ್ಮ’ ಎಂದು ಅವನು ಇಸಿದುಕೊಂಡ. ಅಂದಿನಿಂದ ಎಲ್ಲರ ಬಾಟಲಿಯೂ ಸುಲಿದೇ ಹೊರಡುವುದು. ಮನೆಯವರು ಕೇಳಿದರೆ ವಿಟಮಿನ್ನು ಅನ್ನಿ, ಎಂದು ಅವನೇ ಹೇಳಿಕೊಟ್ಟ. ಹಾಗೆ ನೋಡಿದರೆ ಅವನ ಹೆಂಡತಿಗೂ ಅವನು ಹೇಳಿದ್ದು ತಾನು ಉಗ್ರಾಣದಲ್ಲಿದ್ದೇನೆಂದೇ. ಹತ್ತು ವರ್ಷದಿಂದ ಉಗ್ರಾಣ. ಹೆಂಡತಿಯ ತಮ್ಮ ಬಂದಾಗ ಹಿಂಜರಿಯದೆ ಅವರ ಮನೆಯ ಲೋಟದಲ್ಲಿ ಚಹಾ ಕುಡಿಯಬೇಕಲ್ಲ.

ನೀಲಿ ಬೆರಳಿನವಳು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯವಳು. ಬಸುರಿಯಾಗಿದ್ದಾಗಿನಿಂದ ಅವನು ಬಲ್ಲ: ಉಗುರಿನ ಬುಡದಲ್ಲಿ ಎಷ್ಟು ತೊಳೆದರೂ ಹೋಗದ ನೀಲಿ, ಎಣಿಸಿದಂತೆ ಮಾತು. ‘ಫೋನು ಮಾಡ್ಬೇಡಿ ಅಣ್ಣ, ಫೋನು ಅವರ ಹತ್ರ ಇರುತ್ತೆ. ನಾನೇ ಬರ್ತೀನಿ.’ ಬರುತ್ತಿದ್ದಳು, ಹೇಳಿದ ದಿನಕ್ಕೆ. ಇಪ್ಪತ್ತೈದು ಮಿಲಿಯ ಬಾಟಲಿ ಹದಿನಾರು ದಿನಕ್ಕೆ ಮುಗಿಯುತ್ತದೆ; ಮಗುವಿಗೆ ಇಂದು ಮೂವತ್ತನಾಲ್ಕು ದಿನ; ಎರಡು ಬಾಟಲಿ ಮೊನ್ನೆಗೇ ಖಾಲಿ. ಹಾಲು ಕುಡಿಯುತ್ತಿರುವ ಮಗು, ಎರಡು ದಿನ ಔಷಧಿಯಿಲ್ಲ. ಔಷಧಿ ತಪ್ಪಿಸಿದವರನ್ನು ಹುಡುಕಿಕೊಂಡು ಮನೆಗೆ ಹೋಗುವ ಕಾರ್ಯಕರ್ತೆಯ ಹುದ್ದೆ ಎಂಟು ತಿಂಗಳಿಂದ ಖಾಲಿಯಿತ್ತು. ತಾನೇ ಹೋದರೆ? ಹಸಿರು ಗಾಜಿನ ಹಿಂದಿನವನು ಅವಳ ಬಾಗಿಲಲ್ಲಿ ನಿಂತರೆ ಅದಕ್ಕಿಂತ ದೊಡ್ಡ ಚೀಟಿ ಬೇಕೆ?

ಗಂಟೆಯಾಯಿತು, ಕಿಂಡಿಯ ಹಲಗೆ ಸರಿಸಿದ. ಕೈಗಳು ಬಂದವು, ಹೋದವು. ಸುಟ್ಟ ಕೈ, ಬೆರಳಿಗೆ ದಾರ ಸುತ್ತಿದ ಕೈ, ಮಗುವಿನ ಕಾಲನ್ನೂ ಜೊತೆಗೆ ಹಿಡಿದ ಕೈ. ಪ್ರತಿ ಸಲವೂ ನೀಲಿ ಹುಡುಕಿದ. ಆರೇಳು ಕೈ ಆದಮೇಲೆ ಮುದಿ ಕೈಯೊಂದು ಬಂತು. ಅಂಗೈ ತುಂಬ ಕೂದಲೆಳೆಯಂಥ ಬಿಳಿ ಗೀರುಗಳು, ಬೆರಳ ತುದಿಗಳು ಮಾತ್ರ ನೀರಲ್ಲಿ ಸವೆದ ಕಲ್ಲಿನ ಹಾಗೆ ನುಣುಪು. ಆ ಕೈ ಖಾಲಿ ಬಾಟಲಿಯೊಂದನ್ನು ಅವನ ಮುಂದಿಟ್ಟಿತು. ತಳದಲ್ಲಿ ಬಿಳಿ ಪೆನ್ನಿನ ಅವನದೇ ಅಂಕಿ.

‘ಇಂಥದ್ದೇ ಇನ್ನೊಂದು ಕೊಡಪ್ಪ.’

‘ಯಾರಿಗಜ್ಜಿ?’

‘ಬಾಟಲಿ ಕೊಟ್ಟೋನಿಗೆ ಯಾರಿಗೆ ಅಂತ ಗೊತ್ತಿರಲ್ವಾ? ನನ್ನ ಮೊಮ್ಮಗೂಗೆ.’

‘ಇದು ವಿಟಮಿನ್ನು. ಮಗುವಿನ ತಾಯೀನೇ ಬರಬೇಕು, ಹಾಗಿದೆ ರೂಲು.’

‘ವಿಟಮಿನ್ನಿಗೆ ಯಾಕಪ್ಪ ತೊಗಲು ಸುಲಿದಿದೀಯ?’

ಸುಲಿದಿದೆ ಅನ್ನಲಿಲ್ಲ, ಸುಲಿದಿದೀಯ ಅಂದಳು. ಅವನ ಕೈ ತೊಟ್ಟಿಯ ಕಡೆಗೆ, ಅಲ್ಲಿ ಇನ್ನೂ ತೇಲುತ್ತಿದ್ದ ಕೆಂಪಕ್ಷರಗಳ ಕಡೆಗೆ, ಮುಚ್ಚುವಂತೆ ಚಾಚಿತು, ಗಾಜಿನಾಚೆಯಿಂದ ಅವಳಿಗೆ ಏನೂ ಕಾಣದಿದ್ದರೂ. ‘ನೀರು ಬಿದ್ದು ಹೋಗಿರುತ್ತೆ’ ಎಂದ.

‘ನೀರು ಬಿದ್ದು ಹೋದ ಚೀಟಿ ಮೂಲೆಯಿಂದ ಏಳುತ್ತೆ, ಮಧ್ಯ ಹಿಡ್ಕೊಂಡಿರುತ್ತೆ. ಇದು ಉದ್ದುದ್ದ ಎದ್ದಿದೆ. ಇಲ್ಲಿ ನೋಡು, ಬ್ಲೇಡಿನ ಗೆರೆ. ಮೂವತ್ತೊಂದು ವರ್ಷ ಬಾಟಲಿ ತೊಳೆದಿದೀನಿ ನಾನು. ಗುಜರಿಗೆ ಬಂದ ಬಾಟಲಿಯ ಚೀಟಿ ತೆಗೆದು, ತೊಳೆದು ಫ್ಯಾಕ್ಟರಿಗೆ ಕಳಿಸೋ ಕೆಲಸ. ದಿನಕ್ಕೆ ನಾನೂರು. ಮುಟ್ಟಿ ಹೇಳ್ತಿದ್ದೆ, ಇದರಲ್ಲಿ ಕೆಮ್ಮಿಂದಿತ್ತು, ಇದರಲ್ಲಿ ಕುಡಿಯೋದಿತ್ತು ಅಂತ. ನಿಂದೊಂದು ಗೊತ್ತಾಗಲಿಲ್ಲ. ಮೂಸಿ ನೋಡಿದೆ, ನೆಕ್ಕಿ ನೋಡಿದೆ. ಗೊತ್ತಾಗಲಿಲ್ಲ ನೋಡು!’ ದನಿಯಲ್ಲಿ ಸಿಟ್ಟಿರಲಿಲ್ಲ. ಒಗಟು ಸಿಕ್ಕ ಮಗುವಿನ ಖುಷಿಯಿತ್ತು, ಅದೇ ಅವನನ್ನು ಹೆದರಿಸಿತು.

ಆರನೇ ಕಿಟಕಿಯ ಸಾಲಿನಿಂದ ಗಂಡಸಿನ ದನಿ ಬಂತು: ‘ಏನಜ್ಜಿ, ಬಾಟಲಿ ಹರಾಜು ಹಾಕ್ತಿದೀಯಾ?’

‘ನಿನ್ನ ಬಾಯಿಗೆ ಬಿರಡೆ ಸಿಗುತ್ತಾ ಅಂತ ನೋಡ್ತಿದೀನಿ’ ಎಂದಳು ಅಜ್ಜಿ, ತಿರುಗದೆ.

ಅವನು ಎದ್ದ. ಕಿಟಕಿ ತೆರೆದಿರುವಾಗ ಎದ್ದುಹೋಗುವುದು ರೂಲಿನಲ್ಲಿಲ್ಲ. ‘ಐದು ನಿಮಿಷ’ ಎಂದು ಕಿಂಡಿಗೆ ಹೇಳಿ ಹಿಂಬಾಗಿಲಿನಿಂದ ಹೊರಬಂದು ಸುತ್ತು ಹಾಕಿ ಮುಂದೆ ಬಂದ. ಗಾಜಿಲ್ಲದೆ ನಿಂತಾಗ ಸಾಲಿನ ಹೆಂಗಸರೆಲ್ಲ ಅವನನ್ನು ನೋಡಿದರು. ತಾನು ಇಷ್ಟು ಕುಳ್ಳನೆಂದು ಅವರು ಅಂದುಕೊಂಡಿರಲಿಲ್ಲವೆಂದು ಅವನಿಗೆ ಅನ್ನಿಸಿತು. ಕೈಗಳಿಗೆ ಮುಖಗಳಿದ್ದವು. ಅಜ್ಜಿಯನ್ನು ನಲ್ಲಿಯ ಪಕ್ಕದ ಬೆಂಚಿಗೆ ಕರೆದೊಯ್ದ. ಒಣಗಿದ ಸಣ್ಣ ದೇಹ, ಮೊಣಕಾಲ ಮೇಲೆ ಬಟ್ಟೆಯ ಚೀಲ, ಒಂದು ಕಣ್ಣು ಇನ್ನೊಂದಕ್ಕಿಂತ ಹೆಚ್ಚು ಎಚ್ಚರ.

‘ಮಗುವಿನ ತಾಯಿ ಎಲ್ಲಿ?’

‘ಸೊಸೆ ಬಣ್ಣದ ಕಾರ್ಖಾನೆ ಮೆಟ್ಟಿಲಲ್ಲಿ ಜಾರಿ ಕಾಲು ಊದಿಸ್ಕೊಂಡು ಮಲಗಿದಾಳೆ. ಮೊನ್ನೆಯಿಂದ ಮೂರು ಸಲ ಎದ್ದು ಬಾಗಿಲವರೆಗೂ ಬಂದು ಬಿದ್ದಳು. ಎಲ್ಲಿಗೆ ಅಂದ್ರೆ ಮಾತಿಲ್ಲ. ರಾತ್ರಿ ನೋಡ್ತೀನಿ, ಖಾಲಿ ಬಾಟಲಿಗೆ ನೀರು ಹಾಕಿ ಕುಲುಕಿ ಆ ನೀರನ್ನ ಮಗುಗೆ ಕುಡಿಸ್ತಾ ಅಳ್ತಿದಾಳೆ. ವಿಟಮಿನ್ನಿಗೆ ಯಾರಪ್ಪ ಅಳ್ತಾರೆ? ಬೆಳಿಗ್ಗೆ ಅವಳು ನಿದ್ದೆ ಹೋದಾಗ ಬಾಟಲಿ ಎತ್ಕೊಂಡು ಬಂದೆ. ಮೊದಲು ಹೊರಗಿನ ಔಷಧಿ ಅಂಗಡಿ, ಆಮೇಲೆ ಇಲ್ಲಿ ಒಂದನೇ ಕಿಟಕಿ, ಮೂರನೇ ಕಿಟಕಿ. ಕೊನೆಗೆ ಒಬ್ಬಳು ನರ್ಸಮ್ಮ ಬಾಟಲಿಯ ಆಕಾರ ನೋಡಿ ಏಳನೇದಕ್ಕೆ ಹೋಗಿ ಅಂದಳು. ಅನ್ನುವಾಗ ಅರ್ಧ ಹೆಜ್ಜೆ ಹಿಂದೆ ಸರಿದಳು.’ ಅಜ್ಜಿ ತನ್ನ ಎರಡು ಪಾದಗಳನ್ನು ನೆಲದ ಮೇಲೆ ಇಷ್ಟು, ಎಂದು ಸರಿಸಿ ತೋರಿಸಿದಳು. ‘ಯಾಕೆ ಸರಿದಳು?’

ಅವನಿಗೆ ಕೇಳಬೇಕಾದ್ದು ಒಂದೇ ಇತ್ತು, ಅದನ್ನು ಹೇಗೆ ಕೇಳುವುದೆಂದು ಯೋಚಿಸುವ ಮೊದಲೇ ಬಾಯಿಂದ ಬಿತ್ತು: ‘ಅಜ್ಜಿ, ಇದನ್ನ ಮನೇಲಿ ಬೇರೆ ಯಾವ ಮಗೂಗಾದ್ರೂ ಕೊಟ್ರಾ?’

‘ಕೊಟ್ಟಿದ್ರೆ ಏನಾಗ್ತಿತ್ತು? ವಿಟಮಿನ್ನು ತಾನೆ?’

ನಾಲ್ಕು ವರ್ಷ ಬ್ಲೇಡು ಹಿಡಿದು ಕಾದದ್ದನ್ನು ತಾನೇ ಒಂದು ಮಾತಿನಲ್ಲಿ ಬಿಚ್ಚಿಟ್ಟಿದ್ದ. ಕಚೇರಿಗೆ ಮೂರು ದಿನ ಕಾರಣ ಹುಡುಕಿದವನಿಗೆ ಈಗ ಮೂರು ಕ್ಷಣವೂ ಸಿಗಲಿಲ್ಲ. ಈ ಮುದುಕಿ ಹೋಗಿ ಬೀದಿಯಲ್ಲಿ ನಿಂತು ಕೂಗಿದರೆ, ಊದಿದ ಕಾಲಿನ ಹೆಂಗಸು ಮಗುವನ್ನೆತ್ತಿಕೊಂಡು ಯಾವ ದಿಕ್ಕಿಗೆ ಹೋಗಬೇಕು? ಹಾಗೆ ಹೋದವರನ್ನು ಅವನು ಬಲ್ಲ. ಅವರ ಕೈ ಕಿಂಡಿಯಲ್ಲಿ ಮತ್ತೆ ಬರುವುದಿಲ್ಲ. ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ‘ಪತ್ತೆಯಿಲ್ಲ’ ಎಂದು ಬರೆಯುವುದು ಅವನ ಕೆಲಸ. ಯಾರೋ ಅವರನ್ನು ಅಟ್ಟಿದರೆಂದು ಬರೆಯಲು ಅಲ್ಲಿ ಜಾಗವಿಲ್ಲ, ಅವರೇ ಕಳೆದುಹೋದರು ಎನ್ನುವ ಹಾಗೆ.

‘ಕೊಟ್ಟಿಲ್ಲ, ಬಿಡು’ ಎಂದಳು ಅಜ್ಜಿ, ಅವನ ಮುಖವನ್ನು ಬಾಟಲಿಯಂತೆ ತಿರುಗಿಸಿ ನೋಡುತ್ತ. ‘ಮಗಳ ಕೂಸು ಮನೇಲೇ ಇದೆ, ಕೆಮ್ಮುತ್ತೆ. ಒಂದು ಹನಿ ಹಾಕೋಣ ಅಂತ ಎತ್ತಿದ್ದೆ. ಸೊಸೆ ಹಾರಿ ಬಂದು ಕಿತ್ಕೊಂಡಳು. ನಮ್ಮನೇಲಿ ಅವಳು ದನಿ ಎತ್ತಿದ್ದು ಅದೊಂದೇ ಸಲ. ಅವತ್ತಿಂದ ನನಗೂ ನಿದ್ದೆ ಇಲ್ಲ.’ ಮೊಣಕಾಲ ಮೇಲಿನ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು. ‘ಹಿಟ್ಟಿನ ಡಬ್ಬೀಲಿ ಅವಳ ಮಾತ್ರೆ ಇರುತ್ತೆ, ಪ್ಲಾಸ್ಟಿಕ್ಕಲ್ಲಿ ಸುತ್ತಿ. ಹಿಟ್ಟು ಜರಡಿ ಹಿಡಿಯೋವಾಗ ಸಿಕ್ಕಿತ್ತು, ಅವಳು ಬಸುರಿ ಇದ್ದಾಗಲೇ. ಮತ್ತೆ ಅಲ್ಲೇ ಇಟ್ಟೆ. ಡಬ್ಬಿ ತಳ ಕಾಣದ ಹಾಗೆ ಹಿಟ್ಟು ತುಂಬಿಸ್ತಾ ಬಂದಿದೀನಿ. ಅವಳಿಗೆ ಗೊತ್ತಿಲ್ಲ.’

‘ಯಾಕಜ್ಜಿ?’

‘ಬಚ್ಚಿಟ್ಟಿದಾಳೆ ಅಂದ್ರೆ ಬೇಕಾದ್ದು ಅಂತ ತಾನೆ. ಬೇಡದ್ದನ್ನ ಯಾರಾದ್ರೂ ಬಚ್ಚಿಡ್ತಾರಾ?’ ಮುದಿ ಕೈ ಅವನ ಮಣಿಕಟ್ಟು ಹಿಡಿಯಿತು. ‘ಏನು ಅಂತ ಕೇಳಲ್ಲ. ಯಾರಿಂದ ಯಾರಿಗೆ ಅಂತಾನೂ ಕೇಳಲ್ಲ, ಅದರಲ್ಲಿ ನನ್ನ ಮಗನೂ ಇದಾನೆ. ಒಂದೇ ಒಂದು ಹೇಳು. ಈ ಔಷಧಿ ಮಗೂಗೆ ಬಂದಿರೋದಕ್ಕಾ, ಬರಬಾರದು ಅಂತಲಾ?’

ರೂಲು ಅವನಿಗೆ ಬಾಯಿಪಾಠ. ತಾಯಿಯ ಒಪ್ಪಿಗೆಯಿಲ್ಲದೆ ಯಾರಿಗೂ ಏನೂ ಹೇಳಕೂಡದು. ಇಂಥ ಪ್ರಶ್ನೆಯನ್ನು ಹತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ, ಕಚೇರಿಯವರೂ ಕೇಳಿರಲಿಲ್ಲ. ಗಾಜಿಗೆ ಬಣ್ಣ ಬಳಿದವನಿಗಾಗಲಿ, ಅರ್ಧ ಹೆಜ್ಜೆ ಸರಿದವಳಿಗಾಗಲಿ ಈ ವ್ಯತ್ಯಾಸ ಹೊಳೆದಿದ್ದರೆ!

‘ಬರಬಾರದು ಅಂತ’ ಎಂದ.

‘ಹಾಗಾದ್ರೆ ಬಂದಿಲ್ಲ.’

‘ಗೊತ್ತಿಲ್ಲಜ್ಜಿ. ಇನ್ನೆಂಟು ದಿನಕ್ಕೆ ಹಿಮ್ಮಡಿ ಚುಚ್ಚಿ ನೋಡ್ತಾರೆ, ಆಮೇಲೆ ಹಾಲು ಬಿಡಿಸೋವರೆಗೂ ನೋಡ್ತಾ ಇರಬೇಕು. ಆದ್ರೆ ಔಷಧಿ ತಪ್ಪಬಾರದು.’

‘ಮತ್ತೆ ಇಲ್ಲಿ ಕೂತು ಹರಟೆ ಹೊಡೀತಿದೀಯಲ್ಲ. ತಗೊಂಡು ಬಾ.’

ಒಳಗೆ ಓಡಿ, ಸಾಲಿನ ಕೊನೆಯಲ್ಲಿದ್ದ ಸುಲಿದ ಬಾಟಲಿ ತಂದ. ಅಜ್ಜಿ ಅದರ ಮೈ ಸವರಿ ತಲೆಯಾಡಿಸಿದಳು. ‘ಇದು ಬೇಡ. ಸುಲಿಯದೇ ಇರೋದು ಕೊಡು. ಸೋಡಾಪುಡಿ ಇದೆಯಾ? ಎಣ್ಣೆ? ಯಾವುದಾದ್ರೂ ಆಗುತ್ತೆ.’ ಅವನು ತಂದುಕೊಟ್ಟ. ಅಂಗೈಯಲ್ಲಿ ಎರಡನ್ನೂ ಕಲಸಿ ಚೀಟಿಯ ಮೇಲೆ ಬಳಿದು, ಬಾಟಲಿಯನ್ನು ಎರಡು ಅಂಗೈ ನಡುವೆ ಉರುಳಿಸತೊಡಗಿದಳು. ಬ್ಲೇಡಿಲ್ಲ, ಆತುರವಿಲ್ಲ. ಕಿಟಕಿಯ ಸಾಲು ಬೆಂಚಿನ ಕಡೆ ತಿರುಗಿ ನಿಂತಿತ್ತು. ಅವನಿಗೆ ಸಾಲೂ ನೆನಪಿರಲಿಲ್ಲ, ತನ್ನ ಐದು ನಿಮಿಷವೂ ನೆನಪಿರಲಿಲ್ಲ. ಆ ಕೈಗಳು ಏನು ಮಾಡುತ್ತಿವೆ, ಹೆಬ್ಬೆರಳು ಎಲ್ಲಿ ಒತ್ತುತ್ತದೆ, ಎಲ್ಲಿ ಸಡಿಲಿಸುತ್ತದೆ ಎಂದು ಬಗ್ಗಿ ನೋಡುತ್ತಿದ್ದ, ನಾಲಿಗೆ ಹೊರಗೆ.

‘ಎಲ್ಲರದ್ದೂ ಸುಲೀತೀಯಾ?’ ಅಜ್ಜಿ ಕೇಳಿದಳು.

‘ಎಲ್ಲರದ್ದೂ.’

‘ಅವರನ್ನ ಕೇಳಿ ಸುಲೀತೀಯೋ, ಕೇಳದೇ ಸುಲೀತೀಯೋ?’

ಮೊದಲನೆಯವಳೂ ಸುಲಿದುಕೊಡಿ ಎಂದು ಕೇಳಿರಲಿಲ್ಲ, ಕೆರೆಯುತ್ತಿದ್ದಳು ಅಷ್ಟೇ. ಆಮೇಲೆ ಬಂದ ಲೆಕ್ಕವಿಲ್ಲದಷ್ಟು ಕೈಗಳನ್ನು ಅವನು ಕೇಳಿಯೇ ಇರಲಿಲ್ಲ. ಆ ಮೊದಲನೆಯವಳ ಹೆದರಿಕೆಯನ್ನೇ ಎಲ್ಲರಿಗೂ ಅಳತೆ ಮಾಡಿ ಹಂಚಿದ್ದ, ದಿನಕ್ಕೆ ಒಂದೂವರೆ ಮಿಲಿ. ಅಥವಾ ಅದು ಅವಳ ಹೆದರಿಕೆಯೂ ಅಲ್ಲ, ಉಗ್ರಾಣದವನ ಹೆದರಿಕೆ.

ಚೀಟಿ ಇಡಿಯಾಗಿ ಎದ್ದು ಬಂತು, ಎಲ್ಲೂ ಹರಿಯದೆ. ಅಜ್ಜಿ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ‘ಈ ಕೆಂಪಲ್ಲಿ ಏನಿದೆಯೋ. ನಂಗೂ ಓದಕ್ಕೆ ಬರಲ್ಲ, ಅವಳಿಗೂ ಬರಲ್ಲ. ನನ್ನ ಮಗ ಒಬ್ಬನೇ ಓದೋನು.’ ನಾಲ್ಕಾಗಿ ಮಡಿಚಿ ಕುತ್ತಿಗೆಯ ಬಳಿ ಉಡುಪಿನೊಳಗೆ ಇಳಿಸಿದಳು. ‘ನೀನು ಎಲ್ಲಿ ಹಾಕ್ತೀಯಾ ಇವನ್ನೆಲ್ಲ?’

‘ಕಸದ ಬುಟ್ಟೀಲಿ.’

‘ಕಸದೋಳಿಗೆ ಓದಕ್ಕೆ ಬರುತ್ತಾ?’

ಪ್ರತಿ ಬೆಳಿಗ್ಗೆ ‘ಮನೇಲಿ ಜಗಳಾನಾ’ ಎಂದು ನಗುವ ಮುಖ ಅವನ ಕಣ್ಣೆದುರು ಬಂತು. ನಾಲ್ಕು ವರ್ಷ ಆ ಬುಟ್ಟಿ ಎತ್ತಿದವಳು ಅವಳು. ಒಂದು ದಿನವೂ ಒಂದು ಮಾತೂ ಎತ್ತಿರಲಿಲ್ಲ.

‘ಒಂದೂವರೆ, ಈ ಗೆರೆವರೆಗೆ’ ಎಂದು ಅವನು ಔಷಧಿ ಎಳೆಯುವ ಕೊಳವೆಯ ಗೆರೆ ತೋರಿಸಿದ. ‘ಹೋದ ತಕ್ಷಣ ಇವತ್ತಿಂದು. ತಪ್ಪಿದ್ದು ಅಂತ ಎರಡು ಪಟ್ಟು ಹಾಕಬೇಡಿ. ಎಂಟನೇ ದಿನ ಮಗು ಬರಲೇಬೇಕು.’

‘ಒಂದೂವರೆ, ಗೆರೆವರೆಗೆ, ಎರಡು ಪಟ್ಟು ಇಲ್ಲ. ಎಂಟನೇ ದಿನ ಹೊತ್ಕೊಂಡು ಬರ್ತೀನಿ, ಅವಳ ಕಾಲು ಎದ್ದಿರಲಿ ಬಿದ್ದಿರಲಿ.’

‘ಸೊಸೆಗೆ ಏನಂತೀರಾ ಅಜ್ಜಿ? ಅವಳಿಗೆ ಗೊತ್ತಾದ್ರೆ… ಹೆದರ್ಕೊಂಡು ಎಲ್ಲಾದ್ರೂ…’

‘ಏನೂ ಅನ್ನಲ್ಲ. ಬಾಟಲಿ ಕೈಗೆ ಕೊಡ್ತೀನಿ. ಅವಳು ಮೈಮೇಲೆ ಬೆರಳಾಡಿಸಿ ನೋಡೇ ನೋಡ್ತಾಳೆ, ದಿನಾ ನೋಡ್ತಾಳೆ, ಚೀಟಿಯ ಚೂರು ಉಳಿದಿದೆಯಾ ಅಂತ. ಗೀರಿಲ್ಲ, ಅಂಟಿಲ್ಲ. ಇದು ಕಿಟಕಿಯೋನ ಕೆಲಸ ಅಲ್ಲ ಅಂತ ಗೊತ್ತಾಗುತ್ತೆ. ಇಂಥ ಕೆಲಸ ಯಾರ ಕೈದು ಅಂತ ನಮ್ಮನೇಲಿ ಯಾರೂ ಕೇಳಬೇಕಾಗಿಲ್ಲ.’ ಅಜ್ಜಿ ಎದ್ದಳು. ‘ಅವಳು ಹೇಳಿದ ದಿನ ಕೇಳಿಸ್ಕೋತೀನಿ. ಹೇಳದಿದ್ರೆ ಹಿಟ್ಟು ತುಂಬಿಸ್ತೀನಿ.’

ಒಳಗಿನಿಂದ ಪುಸ್ತಕ ತಂದ; ಅದರಲ್ಲಿ ಪಡೆದವರ ಗುರುತು ಬೇಕಿತ್ತು. ಅವನು ನೀಲಿ ಬೆರಳಿನವಳ ಹೆಸರಿನ ಮುಂದೆ ಅಜ್ಜಿಯ ಹೆಬ್ಬೆರಳಿಗೆ ಮಸಿ ಹಚ್ಚಿ ಒತ್ತಿಸಿದ. ಇದಕ್ಕೂ ಮೂರು ದಿನದೊಳಗೆ ಕಾರಣ ಕೇಳಬಹುದು, ಈ ಸಲ ಬರೆಯುತ್ತೇನೆ ಎಂದುಕೊಂಡ. ಬೆರಳು ಎತ್ತಿದಾಗ ಕಾಗದದ ಮೇಲೆ ಒಂದೂ ಗೆರೆಯಿರಲಿಲ್ಲ. ಬರೀ ಕಪ್ಪು ಮೊಟ್ಟೆಯಾಕಾರ. ‘ಸೋಡಾ ತಿಂದುಬಿಟ್ಟಿದೆ’ ಎಂದು ಅಜ್ಜಿ ನಕ್ಕಳು. ‘ನನ್ನ ಚೀಟೀನೂ ಹೋಗಿದೆ.’ ಚೀಲವನ್ನು ಎದೆಗವಚಿಕೊಂಡು, ಸಾಲಿನ ಹೆಂಗಸರ ಪಕ್ಕದಲ್ಲಿ, ಒಬ್ಬಳ ಮಗುವಿನ ಕಾಲನ್ನು ಹಾದಿಯಲ್ಲೇ ಒಮ್ಮೆ ಹಿಡಿದು ಬಿಟ್ಟು, ಗೇಟಿನ ಕಡೆಗೆ ನಡೆದಳು, ವಯಸ್ಸಿಗೆ ಮೀರಿದ ಬಿರುಸಿನಲ್ಲಿ.

ಅವನು ಸುತ್ತು ಹಾಕಿ ಒಳಗೆ ಬಂದು ಕೂತ. ಹಸಿರು ಗಾಜು, ಅರ್ಧಚಂದ್ರದ ಕಿಂಡಿ. ಒಳಗಿನ ಕಪಾಟಿನಿಂದ ಚೀಟಿಯಿದ್ದ ಬಾಟಲಿಯೊಂದನ್ನು ತೆಗೆದು, ಸುಲಿದದ್ದರ ಪಕ್ಕದಲ್ಲಿ ಕಿಂಡಿಗೆ ಕಾಣುವಂತೆ ಇಟ್ಟ. ಮುಂದಿನ ಕೈ ಬಂತು. ಎಳೆಯದು, ಹೊಸದು, ಕಿರುಬೆರಳಿಗೆ ದಾರದ ಉಂಗುರ.

‘ಚೀಟಿ ತೆಗೆದದ್ದು ಕೊಡಲಾ ತಂಗಿ, ಚೀಟಿ ಇರೋದು ಕೊಡಲಾ?’

ಯಾರೂ ಆ ಕೈಯನ್ನು ಇದುವರೆಗೆ ಏನನ್ನೂ ಕೇಳಿರಲಿಲ್ಲವೇನೋ. ಬೆರಳುಗಳು ಸುಲಿದ ಬಾಟಲಿಯನ್ನು ಮುಟ್ಟಿ ಹಿಂದೆ ಬಂದವು, ಕೆಂಪಕ್ಷರದ ಮೇಲೆ ಹೋಗಿ ನಿಂತವು, ಮತ್ತೆ ಮೇಲೆದ್ದವು. ಅವನು ತಲೆಯನ್ನು ಕಿಂಡಿಯ ಮಟ್ಟಕ್ಕೆ ತಗ್ಗಿಸಿ, ಆ ಕೈ ಏನು ಹೇಳುತ್ತದೋ ಎಂದು ಕಾದ.